ಅಕ್ಕೋರ ಶೀತ

ನಮ್ಮ ಅಕ್ಕೋರ ಎಡಗೈ ಮುಷ್ಟಿಯಲ್ಲಿ ಯಾವಾಗಲೂ ಮಡಚಿದ ಒಂದು ಕರವಸ್ತ್ರ, ಅದರ ತುಂಬ ನೀಲಗಿರಿ ಎಣ್ಣೆ. ಸೆರಗಿಗೂ ಅದೇ, ಕುತ್ತಿಗೆಗೂ ಅದೇ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ನಮ್ಮ ಮೂಗಿನಲ್ಲಿ ಅವರ ಹಾಜರಿ ಬಿದ್ದಿರುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಭಟ್ಕಳದಲ್ಲಿ ನಾಲ್ಕನೇ ಇಯತ್ತೆ. ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು.

"ನಂದು ಶೀತದ ಮೈ" ಎನ್ನುತ್ತಿದ್ದರು. ಸುಡು ಬೇಸಿಗೆಯಲ್ಲೂ ಶೀತ. ಒಮ್ಮೆಯಾದರೂ ಸೀನಿದ್ದು ನಾನು ಕಾಣೆ.

ಆ ವಾಸನೆ ನನಗೆ ಸುತರಾಂ ಆಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ತಲೆ ಸಿಡಿಯುತ್ತಿತ್ತು. ಮಲ್ಲಿಗೆ ಮೊಗ್ಗುಗಳನ್ನು ಮುಷ್ಟಿಯಲ್ಲಿ ಹಿಡಿದು, ಗಲ್ಲಕ್ಕೆ ಕೈ ಕೊಟ್ಟವಳಂತೆ ಮೂಸುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ.

"ಎಂತ ಮುಚ್ಚಿಟ್ಕಂಡಿದ್ದೆ, ತಂಗಿ?"

ಕೈ ಬಿಚ್ಚಿ, ಅಳುತ್ತಲೇ ಎಲ್ಲ ಹೇಳಿದೆ. ಛಡಿ ಏಟು ಗ್ಯಾರಂಟಿ ಎಂದುಕೊಂಡಿದ್ದೆ. ಅವರು ಮೆತ್ತಗೆ, "ಹೂವಿನ ವಾಸ್ನೆ ಸೇರಿದ್ರೆ ತಲೆನೋವು ಜಾಸ್ತಿ. ಕಿಟಕಿ ಬದಿಗೆ ಕೂತ್ಕೋ. ಬಾಯಲ್ಲಿ ಉಸಿರು ತಕಂಡು ಮನಸ್ಸಲ್ಲೇ ಮಗ್ಗಿ ಹೇಳು. ಹದಿನಾರರ ಮಗ್ಗಿ ಮುಗಿಯೂದ್ರೊಳಗೆ ಮೂಗು ಸೋತು ಸುಮ್ನಾಗ್ತದೆ. ನಾನೂ ದಿನಾ ಹಂಗೇ ಮಾಡೂದು" ಎಂದರು.

"ನಿಮ್ಗೂ ಆಗೂದಿಲ್ವಾ?"

"ಕಂಡ್ರೆ ಆಗೂದಿಲ್ಲ."

ಆಗದ ಎಣ್ಣೆಯನ್ನು ತಾನೇ ಮೈಗೆ ಮೆತ್ತಿಕೊಳ್ಳುವ ಹುಚ್ಚು ಯಾರಿಗಿರುತ್ತದೆ? ಮಗ್ಗಿಯ ಉಪಾಯವೇನೋ ಫಲಿಸಿತು.

ಒಂದು ಭಾನುವಾರ ಗೆಳತಿಯ ಮನೆಯವರ ಜೊತೆ ತೆಂಗಿನಗುಂಡಿಯ ಕಡಲಿಗೆ ಹೋಗಿದ್ದೆ. ಅವರನ್ನು ದಂಡೆಯಲ್ಲಿ ಬಿಟ್ಟು ಒಬ್ಬಳೇ ಮೀನುಗಾರರ ಕೇರಿಯತ್ತ ನಡೆದೆ, ಅಲ್ಲೇ ಅಕ್ಕೋರ ಮನೆ. ಅಂಗಳದಲ್ಲಿ ಅವರಪ್ಪ ಬಲೆ ಹೆಣೆಯುತ್ತಿದ್ದರು, ಜಗಲಿಯಲ್ಲಿ ಅಕ್ಕೋರು ತಂಗಿಯ ತಲೆ ಬಾಚುತ್ತಿದ್ದರು. ನನ್ನನ್ನು ಕಂಡವರೇ ಹತ್ತಿರ ಎಳೆದುಕೊಂಡರು. ಬರೀ ಸಾಬೂನು, ತೆಂಗಿನೆಣ್ಣೆಯ ಪರಿಮಳ.

"ಅಕ್ಕೋರೇ, ನಿಮ್ಮ ಶೀತ ಎಲ್ಲಿ ಹೋತು?"

"ಶೀತ ನಂಗಲ್ಲ ತಂಗಿ, ಪೇಟೆಯವ್ರ ಮೂಗಿಗೆ" ಎಂದು ನಕ್ಕರು. ಆಮೇಲೆ ನಗು ನಿಂತಿತು. "ಶಾಲೆಗೆ ಬಂದ ಮೊದಲ್ನೇ ದಿನ, ಮೀನು ನಾರ್ತದೆ ಅಂತ ಒಬ್ರು ನಾನು ಕೂತ ಕುರ್ಚಿ ತೊಳೆಸಿದ್ರು. ಮಿಂದು, ಒಗೆದ ಸೀರೆ ಉಟ್ಕಂಡು ಹೋಗಿದ್ದೆ. ಅವ್ರ ಮೂಗಿಗೆ ಬಡಿದದ್ದು ನನ್ನ ಊರಿನ ಹೆಸ್ರು."

ಕುರ್ಚಿ ತೊಳೆಸಿದ ಕತೆ ನನಗೆ ಬಾಯಿಪಾಠವಿತ್ತು, ಕೂತವರು ಯಾರೆಂದು ಮಾತ್ರ ಗೊತ್ತಿರಲಿಲ್ಲ. ಊಟಕ್ಕೆ ಮೀನಿಲ್ಲದಿದ್ದರೆ ತಟ್ಟೆ ದೂಡುವ, ಶಾಲಾ ಕಮಿಟಿಯಲ್ಲಿದ್ದ ನನ್ನ ಅಪ್ಪ ಅದನ್ನು ಮನೆಯಲ್ಲಿ ನಗುನಗುತ್ತಾ ಹೇಳುತ್ತಿದ್ದರು. ನಾನೂ ಬಿದ್ದು ಬಿದ್ದು ನಕ್ಕಿದ್ದೆ.

"ಅದು ನಮ್ಮಪ್ಪ" ಎಂದೆ.

"ಗೊತ್ತಿತ್ತು."

ಗೊತ್ತಿದ್ದೂ ನನಗೆ ಕಿಟಕಿ ಬದಿಯ ಜಾಗ ಕೊಟ್ಟಿದ್ದರು! ನಾಚಿಕೆಯಿಂದ ಹಿಡಿಯಷ್ಟಾದೆ. "ನಾಳೆಯಿಂದ ಎಣ್ಣೆ ಹಚ್ಚಬೇಡಿ ಅಕ್ಕೋರೇ. ನಾನು ಅಪ್ಪಂಗೆ ಹೇಳ್ತೆ."

ಅವರು ನನ್ನ ಮುಖವನ್ನೇ ನೋಡಿ, "ಹೇಳ್ತ್ಯಾ? ಆತು" ಎಂದರು.

ಅಂದು ಊಟಕ್ಕೆ ಕೂತಾಗ ಬಾಯಿ ತೆರೆದೆ. ಅಪ್ಪ ಬಂಗಡೆಯ ಮುಳ್ಳು ಬಿಡಿಸುತ್ತಾ "ಎಂತ?" ಎಂದರು. "ಇನ್ನೊಂಚೂರು ಸಾರು" ಎಂದೆ.

ಸೋಮವಾರ ಅಕ್ಕೋರು ಎಣ್ಣೆಯಿಲ್ಲದೆ ಬಂದರು. ಮಂಗಳವಾರವೂ. ಯಾರ ಮೂಗಿಗೂ ಏನೂ ಆಗಲಿಲ್ಲ. ಬುಧವಾರ ಅಪ್ಪ ಯಾವುದೋ ಕೆಲಸಕ್ಕೆ ಶಾಲೆಗೆ ಬಂದವರು ನಮ್ಮ ಬಾಗಿಲಲ್ಲಿ ನಿಂತು, ಪಂಚೆಯ ತುದಿಯಿಂದ ಮೂಗು ಮುಚ್ಚಿ, "ಇದೆಂತ ನಾತ!" ಎಂದರು. ಮಕ್ಕಳೆಲ್ಲ ಗೊಳ್ಳೆಂದರು. ಅಕ್ಕೋರು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಪಾಟಿ ನೋಡಿದೆ.

ಮರುದಿನ ಮತ್ತೆ ನೀಲಗಿರಿ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ವರ್ಷದ ಕೊನೆಗೆ ಅವರಿಗೆ ಕುಮಟೆಗೆ ವರ್ಗವಾಯಿತು.

ಅವರು ತೀರಿಕೊಂಡ ಸುದ್ದಿ ತಿಳಿದು ಮೊನ್ನೆ ತೆಂಗಿನಗುಂಡಿಗೆ ಹೋಗಿದ್ದೆ. ತಲೆ ಬಾಚಿಸಿಕೊಳ್ಳುತ್ತಿದ್ದ ಆ ತಂಗಿ ಈಗ ಅಜ್ಜಿ. "ಅಕ್ಕ ನಿಮ್ಮ ಹೆಸ್ರು ಯಾವಾಗ್ಲೂ ಹೇಳ್ತಿತ್ತು" ಎಂದರು. "ಶಾಲೆ ಮಕ್ಕಳಲ್ಲಿ ನಮ್ಮನೆ ಜಗಲಿ ಹತ್ತಿದ್ದು ನೀವೊಬ್ರೇ ಅಂತೆ."

"ಮತ್ತೆಂತ ಹೇಳ್ತಿದ್ರು?" ಎಂದು ಹೆದರುತ್ತಲೇ ಕೇಳಿದೆ.

"ಮತ್ತೆಂತದೂ ಇಲ್ಲ."

ನಾನು ಮಾತು ತಪ್ಪಿದ್ದನ್ನು ಅವರು ಒಡಹುಟ್ಟಿದವಳಿಗೂ ಹೇಳಿರಲಿಲ್ಲ.