ಕಲ್ಲೇಶಣ್ಣ ಸುಟ್ಟ ಎಂಟು ತೂತು

ಹಳೆಯ ರೈಲುಕಂಬಿಗೆ ತೂತು ಕೊರೆಯುವುದೆಂದರೆ ಹುಡುಗಾಟವಲ್ಲ. ಆ ಉಕ್ಕು ಡ್ರಿಲ್ ಬಿಟ್ಟನ್ನೇ ತಿಂದುಹಾಕುತ್ತದೆ. ಕುಶಾಲನಗರದ ಈಚೆ ನಮ್ಮ ಕಾಡಂಚಿಗೆ ಆನೆ ತಡೆಯುವ ಕಂಬಿಬೇಲಿ ಹಾಕಲು ಬಂದವರಲ್ಲಿ ಆ ಕೆಲಸ ಬಲ್ಲವರು ಕಲ್ಲೇಶಪ್ಪ ಒಬ್ಬರೇ. ನಮ್ಮ ಹಾಗೆ ಅವರ ಮನೆಯವರೂ ಹಾಸನದ ಕಡೆಯಿಂದ ಬಂದು ನೆಲೆಸಿದವರು. ನಾನು ಕಲ್ಲೇಶಣ್ಣ ಅನ್ನುತ್ತಿದ್ದೆ.

ಬೋಲ್ಟಿನ ತೂತಿಗೆ ಇಪ್ಪತ್ತೈದು ಎಂಎಂ ಬಿಟ್ ಬೇಕು. ಅದನ್ನು ಅವರು ನೇರವಾಗಿ ಇಡುತ್ತಲೇ ಇರಲಿಲ್ಲ. ಮೊದಲು ಎಂಟು, ಆಮೇಲೆ ಹದಿನಾರು, ಕೊನೆಗೆ ಇಪ್ಪತ್ತೈದು. ಬಿಟ್ ದಪ್ಪವಾದಷ್ಟೂ ಮೆಷಿನ್ ನಿಧಾನ ತಿರುಗಬೇಕು, ಎಣ್ಣೆನೀರು ಬೀಳುತ್ತಲೇ ಇರಬೇಕು. ಉಕ್ಕಿನ ಸುರುಳಿ ಎರಡೂ ಕಡೆ ಸಮನಾಗಿ ಬರದಿದ್ದರೆ ನಿಲ್ಲಿಸಿ ಮತ್ತೆ ಸಾಣೆ ಹಿಡಿಯುತ್ತಿದ್ದರು. ಕಂಟ್ರಾಕ್ಟರು ಅಗ್ಗದ ಬಿಟ್ ತಂದರೆ ಮುಟ್ಟದೆ, ಕೋಬಾಲ್ಟ್ ಬೆರೆತ ಗಟ್ಟಿಯದೇ ಬೇಕೆಂದು ಕೂರುತ್ತಿದ್ದರು. ಹಟಮಾರಿ ಎಂದು ಎಲ್ಲರೂ ಆಡಿಕೊಂಡರು, ನಾನೂ ಆಡಿಕೊಂಡೆ.

ನಮ್ಮ ಶುಂಠಿ ಹೊಲದ ಎದುರು ಎರಡು ಕಂಬಗಳ ನಡುವಿನ ಒಂದೇ ಅಂಕಣ ಬಾಕಿಯಿದ್ದಾಗ ಕೊನೆಯ ದಪ್ಪ ಬಿಟ್ ಮುರಿಯಿತು. ಹೊಸದು ಮೈಸೂರಿನಿಂದ ಬರಲು ನಾಲ್ಕು ದಿನ ಬೇಕಿತ್ತು. ಗ್ಯಾಸಿನಲ್ಲಿ ಸುಟ್ಟು ತೂತು ಮಾಡು ಎಂದ ಕಂಟ್ರಾಕ್ಟರು. ಸುಟ್ಟರೆ ತೂತಿನ ಸುತ್ತ ಕಂಬಿ ಪೆಡಸಾಗಿ ಬಿರುಕು ಬಿಡುತ್ತದೆ ಎಂದು ಕಲ್ಲೇಶಣ್ಣ ಒಪ್ಪಲಿಲ್ಲ. ಆಗ ನಾನೇ ಹೋದೆ. ಆ ಸಂದಿಯಿಂದ ವಾರದಲ್ಲಿ ಎರಡು ಸಲ ಆನೆ ನುಗ್ಗಿತ್ತು, ನನ್ನ ಗಂಡ ಧರ್ಮೇಶ್ ಒಬ್ಬರೇ ಕಾವಲು ಹೋಗುತ್ತಿದ್ದರು.

"ಇವತ್ತೇ ಮುಚ್ಚಿಬಿಡಿ ಕಲ್ಲೇಶಣ್ಣ. ಇನ್ನೂ ನಾಕು ದಿನ ಜೀವ ಕೈಲಿ ಹಿಡ್ಕೊಂಡು ಕೂರಕ್ಕೆ ನನ್ ಕೈಲಾಗಲ್ಲ."

ಅವರು ಗ್ಯಾಸು ಹಚ್ಚಿ ಎಂಟು ತೂತು ಸುಟ್ಟರು. ಹೊಸ ಬಿಟ್ ಬಂದ ಮೇಲೆ ಕಂಬಿ ಬದಲಿಸುತ್ತೇನೆ ಎಂದಿದ್ದರು. ಅಷ್ಟರಲ್ಲಿ ಕಂಟ್ರಾಕ್ಟರು ಅವರನ್ನು ಬೇರೆ ಕಡೆ ಕಳಿಸಿದ.

ಮಳೆಗಾಲ ಕಳೆದು ಒಂದು ಮುಂಜಾನೆ ಸಲಗವೊಂದು ಆ ಅಂಕಣಕ್ಕೆ ಹಣೆ ಕೊಟ್ಟು ನೂಕಿತು. ಬೇಲಿಯಿದೆಯೆಂಬ ಧೈರ್ಯದಲ್ಲಿ ಧರ್ಮೇಶ್ ಕಂಬಿಯ ಪಕ್ಕದಲ್ಲೇ ಶುಂಠಿಗೆ ನೀರು ಬಿಡುತ್ತಿದ್ದರು. ಕಂಬಿ ತೂತಿನ ಬುಡದಲ್ಲೇ ಮುರಿದಿತ್ತು. ಆಚೀಚೆಯ ಅಂಕಣಗಳು ಅಲ್ಲಾಡಿರಲಿಲ್ಲ. ನನ್ನ ಗಂಡನನ್ನು ಗುರುತು ಹಿಡಿದದ್ದು ಅಂಗಿಯಿಂದ.

ಹನ್ನೊಂದನೆಯ ದಿನ ನೆಂಟರೆಲ್ಲ ಕೂತಿದ್ದಾಗ ಕಲ್ಲೇಶಣ್ಣ ಬಂದು ಅಂಗಳದಲ್ಲಿ ನಿಂತರು.

"ಆ ಕಂಬಿ ನಾನು ಕೊರೀಲಿಲ್ಲ ಕಣವ್ವ, ಸುಟ್ಟೆ. ಗೊತ್ತಿದ್ದೂ ಸುಟ್ಟೆ."

ಸುಡೋಕೆ ಯಾರು ಹೇಳಿದ್ದು ಎಂದು ನನ್ನ ಮೈದುನ ಅವರ ಕೊರಳಪಟ್ಟಿ ಹಿಡಿದ. ಅವರು ನನ್ನ ಕಡೆ ನೋಡಲೂ ಇಲ್ಲ. ಯಾರೂ ಹೇಳಿಲ್ಲ, ನಂದೇ ತಪ್ಪು ಎಂದರು. ನಾನು ಬಾಯಿ ತೆರೆದೆ. ನಿನ್ನ ಕೈ ಸೇದಿಹೋಗಲಿ ಎಂದು ಊರೆಲ್ಲ ಕೇಳುವ ಹಾಗೆ ಶಪಿಸಿದೆ.

ಆಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಈಗ ಸಂತೆಯಲ್ಲಿ ಮೂಟೆ ಹೊರುತ್ತಾರೆ. ಎದುರಾದರೆ ಮೂಟೆ ಇಳಿಸಿ, ಚೆನ್ನಾಗಿದೀಯಾ ಯಮುನವ್ವ ಎನ್ನುತ್ತಾರೆ. ಹೂಂ ಎಂದು ದಾಟಿ ಹೋಗುತ್ತೇನೆ.