ಮೂಡಣದ ಬಾಗಿಲು, ಮೂರು ಕಾಗದ

ಹೋದ ವರ್ಷ ಯುಗಾದಿಯ ಮುಂದೆ, ಶಹಾಪುರದ ಹೊರಗೆ ಸುರಪುರದ ದಾರಿಯಲ್ಲಿ ಅಪ್ಪ ಒಂದು ಮನೆ ಕೊಳ್ಳಲು ಹೊರಟರು. ನಿಜಾಮನ ಕಾಲ ಮುಗಿದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮನೆಯ ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿ, ಹೊಸ ಖರೀದಿ ಪತ್ರ ಕನ್ನಡದಲ್ಲಿ. ಉರ್ದು ಶಾಲೆಯಲ್ಲಿ ಓದಿ ಕನ್ನಡ ಶಾಲೆಗೆ ಮಾಸ್ತರನಾದ ನಾನು ಎರಡೂ ಭಾಷೆಯನ್ನು ಸಮನಾಗಿ ಕೆಡಿಸಬಲ್ಲವನು. ಆದ್ದರಿಂದ ಓದುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಡೆ ಮನೆ ಕೊಳ್ಳುವಾಗ ಹಳೆಯ ಪತ್ರಗಳನ್ನು ನೆರೆಯವರ ಎದುರು ಗಟ್ಟಿಯಾಗಿ ಓದಿಸುತ್ತಾರೆ. ತಕರಾರಿದ್ದವರು ಅಲ್ಲೇ ಹೇಳಬೇಕು.

ಮಾರುವವಳನ್ನು ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಮುನ್ಶಿಯೊಬ್ಬರ ವಿಧವೆ, ಯಾದಗಿರಿಯ ಮಗಳ ಮನೆಗೆ ಹೋಗುವವಳು. ಪಡಸಾಲೆಯಲ್ಲಿ ಆಕೆ, ಅಪ್ಪ, ಪತ್ರ ಬರೆಯುವವರು. ಹಿತ್ತಲ ಮೂಡಣ ಬಾಗಿಲಲ್ಲಿ ಪಕ್ಕದ ಮನೆಯ ನೇಕಾರ ಅಕ್ಕ, ಖಾಲಿ ಕೊಡ ಹಿಡಿದು. ಅವಳ ಬಾವಿಯ ನೀರು ಸವಳು. ಕುಡಿಯಲು ಈ ಹಿತ್ತಲ ಬಾವಿಯೇ ಗತಿ. ಅಪ್ಪ ಆಗಷ್ಟೇ ಅವಳೆದುರು ಹೇಳಿದ್ದರು: “ಈ ಬಾಗಲಾ ಮುಚ್ಚಿ ಗ್ವಾಡಿ ಕಟ್ಟಿಸೋದು. ಹಿತ್ತಲದಾಗ ಎಮ್ಮಿ ಕಟ್ಟಬೇಕು.”

ನಾನು ಹಿಂದೆ ಈ ಮನೆ ಮಾರಿದ ಒಬ್ಬೊಬ್ಬನ ದನಿಯಲ್ಲಿ ಒಂದೊಂದು ಪತ್ರ ಓದಿದೆ. ಕುದುರೆಯ ಜೀನು ಹೊಲಿಯುವವನಿಗೆ ಮೂಗಿನ ದನಿ ಕೊಟ್ಟೆ, ಗಾಣದವನಿಗೆ ಗೊರಕೆಯಂಥದ್ದು, ಪಟವಾರಿಗೆ ನಮ್ಮ ಹೆಡ್‌ಮಾಸ್ತರರದು. ಆದರೆ ಓದುತ್ತ ಓದುತ್ತ ನನಗೇ ಮೈ ಜುಮ್ಮೆಂದಿತು. ಮೊದಲ ಕಾಗದದಲ್ಲಿ ಮನೆಯ ಮೂಡಣಕ್ಕೆ ಜಾಲಿ ಗಿಡ, ಎರಡನೆಯದರಲ್ಲಿ ಗಾಣ, ಮೂರನೆಯದರಲ್ಲಿ ನೇಕಾರರ ಮನೆ. ಬಡಗಣಕ್ಕೆ ಮಾತ್ರ ಮೂರರಲ್ಲೂ ಗುಡ್ಡ. ಮನೆ ಕೂತಲ್ಲಿಂದ ಕದಲದೆ ಊರನ್ನೇ ತನ್ನ ಬಳಿಗೆ ಕರೆಸಿಕೊಂಡಿತ್ತು.

ನೀರಿನ ಮಾತು ಮಾತ್ರ ಯಾವುದರಲ್ಲೂ ಇರಲಿಲ್ಲ. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಪಟವಾರಿಯ ದನಿಯಲ್ಲೇ, ಕಾಗದದ ಉರ್ದುವಿನಂತೆಯೇ, ಒಂದು ಸಾಲು ಹೊಸೆದು ಕನ್ನಡದಲ್ಲೂ ಹೇಳಿಬಿಟ್ಟೆ: “ಮೂಡಣದ ಬಾಗಿಲು ಮುಚ್ಚತಕ್ಕದ್ದಲ್ಲ. ಆ ಮನೆಯವರಿಗೆ ನೀರಿನ ಹಕ್ಕು ಕಾಯಂ.”

ಅಪ್ಪ ನನ್ನನ್ನು ದಿಟ್ಟಿಸಿದರು. “ಇಷ್ಟೊತ್ತು ಮಂಗ್ಯಾನಾಟ ಆಡಿದಿ. ಇದನ್ನರೇ ಖರೇ ಓದಿದೇನು?”

“ಇಲ್ಲಿ ಕೊಡಪಾ,” ಎಂದಳು ಖಾಲಾ.

ಆಕೆಗೆ ಓದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಚಾಳೀಸು ಮೂಗಿಗೇರಿಸಿ ಕಾಗದದ ಮೇಲೆ ಬಗ್ಗಿದಳು. ಇಲ್ಲ ಎಂದರೆ ಅಕ್ಕನ ಬಾಗಿಲು ಮುಚ್ಚಿದಂತೆ; ನಾನು ಓಣಿಗೇ ಸುಳ್ಳುಬುರುಕ ಮಾಸ್ತರ. ಆಕೆ ಓದತೊಡಗಿದಳು. ನಾನು ಹೊಸೆದ ಸಾಲು, ಒಂದಕ್ಷರ ತಪ್ಪದೆ, ನನಗಿಂತ ಚಂದದ ಉರ್ದುವಿನಲ್ಲಿ. ಕೊನೆಗೆ ತಲೆಯೆತ್ತಿ, “ಬ್ಯಾಸಗ್ಯಾಗೂ ಸೈತ ಅಂತ ಐತಿ ಬೇಟಾ. ಅದೊಂದು ಬಿಟ್ಟಿ ನೋಡು,” ಎಂದಳು.

ಆಕೆಯ ಬೆರಳು ಕಾಗದದ ಖಾಲಿ ಅಂಚಿನ ಮೇಲಿತ್ತು. ಮದುವೆಯಾಗಿ ಬಂದಂದಿನಿಂದ ಆ ಬಾಗಿಲಿಗೆ ಅಗಳಿ ಹಾಕದವಳು.

ಅಪ್ಪನೂ ಆ ಬೆರಳನ್ನು ನೋಡಿದರು. ಆಮೇಲೆ ಅಕ್ಕನ ಕೊಡವನ್ನು. “ಕಾಗದದಾಗ ಐತಿ ಅಂದಮ್ಯಾಲ ಮುಗೀತು. ಬರೀರಿ,” ಎಂದರು.

ಪತ್ರ ಬರೆಯುವವರು ಟಾಕು ಮಸಿಗೆ ಅದ್ದಿದರು. “ದಿನಕ್ಕ ಎಷ್ಟು ಕೊಡ ಅಂತ ಬರೀಲ್ರಿ?”

“ಎಣಸಿ ಬರೀಬ್ಯಾಡ್ರಿ ಅಣ್ಣಾರ,” ಎಂದಳು ಅಕ್ಕ, “ಅವರ ಎಮ್ಮಿಗೂ ನಾನೇ ಸೇದಿ ಹಾಕ್ತೀನಿ.” ಪತ್ರ ಮುಗಿಯುವ ಮೊದಲೇ ಬಾವಿಗೆ ಕೊಡ ಇಳಿಬಿಟ್ಟಳು.