ಜೀಪಿನ ಮೇಲಿನ ಆಣೆ

ಅವರ ಒಂದು ಕೈಯ ಕಿರುಬೆರಳು ಅರ್ಧಕ್ಕೆ ಮೊಂಡಾಗಿತ್ತು. ಯಾವ ಕೈ ಎಂದು ಕೇಳಿದರೆ ನಾನು ಎಡಗೈ ಎನ್ನುತ್ತೇನೆ. ಗೇರ್ ಬದಲಿಸುವಾಗ ಆ ಮೊಂಡು ಬೆರಳು ಗೇರಿನ ಗುಂಡಿಗೆ ತಾಗದೆ ಗಾಳಿಯಲ್ಲಿ ನಿಂತಿರುತ್ತಿದ್ದ ಚಿತ್ರ ನನ್ನ ತಲೆಯಲ್ಲಿದೆ. ನನ್ನ ಹೆಂಡತಿ ಬಲಗೈ ಎನ್ನುತ್ತಾಳೆ. ಇಷ್ಟು ಸಣ್ಣ ವಿಷಯದಲ್ಲೇ ಹೀಗಾದರೆ ದೊಡ್ಡ ವಿಷಯಗಳಲ್ಲಿ ನನ್ನ ನೆನಪನ್ನು ಎಷ್ಟು ನಂಬುವುದು? ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಆ ವರ್ಷದ ಆಯುಧಪೂಜೆಯ ದಿನ ಅವರ ಜೀಪಿನ ಮುಂದೆ ಬೂದುಗುಂಬಳ ಒಡೆದದ್ದು ಯಾರು ಎಂಬುದು ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಮೊದಲು ಗೊತ್ತಿತ್ತು, ಆಮೇಲೆ ಗೊತ್ತಿಲ್ಲದಂತಾಯಿತು ಎಂದರೆ ಇನ್ನೂ ಸರಿ.

ಊರಿನಲ್ಲಿ ಅವರನ್ನು ಎಲ್ಲರೂ ಜೀಪಿನವರು ಎಂದೇ ಕರೆಯುತ್ತಿದ್ದರು. ಬಾಳೂರಿನ ಕಡೆ ನಮ್ಮ ನಾಲ್ಕೆಕರೆ ಕಾಫಿಯ ಬೇಲಿಗೆ ಅಂಟಿಕೊಂಡೇ ಅವರ ಮನೆ. ನಾನು ಮೂಡಿಗೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ತೋಟ ನೋಡಿಕೊಳ್ಳುತ್ತಿದ್ದವಳು ನನ್ನ ಹೆಂಡತಿ. ಮದುವೆಯಾಗಿ ಆರು ವರ್ಷದ ಮೇಲೆ ಅವಳು ಬಸುರಿಯಾದಾಗ ನಾನು ಅಮ್ಮನಿಗಿಂತ ಮೊದಲು ಹೇಳಿದ್ದು ಜೀಪಿನವರಿಗೆ. ಕಾರಣ ಪ್ರೀತಿಯಲ್ಲ. ನಮ್ಮ ರಸ್ತೆಯಲ್ಲಿ ಬೇರೆ ಗಾಡಿ ಬರುತ್ತಿರಲಿಲ್ಲ.

"ಎಷ್ಟು ತಿಂಗಳು?" ಎಂದರು.

"ಎರಡು."

"ಹಾಗಾದ್ರೆ ನಾಳೆಯೇ ಮರಳು ತುಂಬಿಸ್ಬೇಕು."

ನನಗೆ ಅರ್ಥವಾಗಲಿಲ್ಲ. ಮೊದಲ ಸಲ ಡಾಕ್ಟರ ಹತ್ತಿರ ಹೊರಟ ಬೆಳಿಗ್ಗೆ ನೋಡಿದರೆ ಜೀಪಿನ ಹಿಂಭಾಗದಲ್ಲಿ ಮರಳು ತುಂಬಿದ ಐದು ಗೋಣಿಚೀಲಗಳು, ಬಾಯಿ ಹೊಲಿದು ಸಾಲಾಗಿ ಮಲಗಿದ್ದವು. ಖಾಲಿ ಜೀಪು ಕುಣಿಯುತ್ತದೆ, ಭಾರದ ಜೀಪು ಕುಣಿಯುವುದಿಲ್ಲ. ಬಸುರಿಯರನ್ನು ಕರೆದೊಯ್ಯುವಾಗ ಅವರು ಹೀಗೆ ಭಾರ ಹೇರುತ್ತಿದ್ದರು, ಚಕ್ರಗಳ ಗಾಳಿ ಒಂಚೂರು ಇಳಿಸುತ್ತಿದ್ದರು, ಹಿಂದಿನ ದಿನ ಒಬ್ಬರೇ ಹೋಗಿ ಯಾವ ತಿರುವಿನಲ್ಲಿ ಹೊಸ ಗುಂಡಿ ಬಿದ್ದಿದೆ ಎಂದು ನೋಡಿ ಬರುತ್ತಿದ್ದರು. ಸ್ಪ್ರಿಂಗು, ರಾಶಿ, ಕಂಪನ ಎಂದೆಲ್ಲ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದನ್ನು ಅವರು ಮೂಟೆ ಕಟ್ಟಿ ಹಿಂದೆ ಹಾಕಿಕೊಂಡಿದ್ದರು. ನಾನು ಮೆಚ್ಚಿ ಹಾಗೆಂದೆ.

"ಅದೆಲ್ಲ ನಂಗೊತ್ತಿಲ್ಲ ಮೇಷ್ಟ್ರೆ. ನೀವು ಹಿಂದೆ ಹತ್ತಿ. ನೀವೂ ಒಂದು ಮೂಟೆ ಅಂತ ಕೂತ್ಕೊಳ್ಳಿ. ತಂಗಿ ಮುಂದೆ ಕೂತ್ಕೊಳ್ಳಲಿ."

ಹೀಗೆ ನಾನು ಅಪ್ಪನಾಗುವ ಕೆಲಸ ಶುರುವಾದದ್ದು ಆರನೇ ಮೂಟೆಯಾಗಿ. ಬಸ್ಸುಗಳು ಹಿಂದಿನಿಂದ ಹಾರನ್ ಹೊಡೆದು ಹೊಡೆದು ದಾಟಿ ಹೋಗುತ್ತಿದ್ದವು. ಕಿಟಕಿಯಿಂದ ತಲೆ ಹಾಕಿ ಯಾರಾದರೂ "ನಡ್ಕೊಂಡು ಹೋದ್ರೆ ಬೇಗ ಮುಟ್ತೀರಿ ಮಾರಾಯ್ರೆ" ಎಂದು ಚುಚ್ಚಿದರೆ, ಇವರು ಅಡಿಕೆ ಅಗಿಯುತ್ತಲೇ "ನೀವು ಹೋಗಿ ಕಾಫಿ ಕಾಸಿಡಿ, ಬರ್ತೀವಿ" ಎನ್ನುವರು.

ಆ ತಿಂಗಳುಗಳಲ್ಲಿ ನಾನು ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಂಡಿದ್ದೆ. ಕೂಸು ಈ ವಾರ ಎಷ್ಟು ದೊಡ್ಡದಾಗಿದೆ ಎಂದು ಅದು ಹಣ್ಣುಗಳ ಲೆಕ್ಕದಲ್ಲಿ ತೋರಿಸುತ್ತಿತ್ತು. ಜೀಪಿನವರಿಗೆ ಅದರ ಹುಚ್ಚು ಹಿಡಿಯಿತು. ಬೇಲಿಯಾಚೆಯಿಂದ ಕೂಗಿ ಕೇಳುತ್ತಿದ್ದರು.

"ಮೇಷ್ಟ್ರೆ, ಈ ವಾರ ಎಂತ ಹಣ್ಣು?"

"ಅವಕಾಡೊ."

"ಅದೆಂತದು?"

"ಬೆಣ್ಣೆಹಣ್ಣು."

"ಹೌದಾ! ಯಾವ ಬೆಣ್ಣೆಹಣ್ಣು? ನಮ್ಮ ಹಿತ್ತಲಿನ ಜಾತಿಯೋ, ಸಂತೆಗೆ ಬರೋ ಸಣ್ಣದೋ?"

ನನ್ನ ಹೆಂಡತಿ ಕಣದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾರನೇ ದಿನ ಅವರು ತಮ್ಮ ಹಿತ್ತಲಿನ ಒಂದು ಬೆಣ್ಣೆಹಣ್ಣು ತಂದು ಅವಳ ಕೈಗಿಟ್ಟು, "ಇಷ್ಟಿದೆಯಂತೆ ನೋಡು ತಂಗಿ" ಎಂದರು. ಅವಳು ಅದನ್ನು ಹಣ್ಣಾದರೂ ಕೊಯ್ಯದೆ ಇಟ್ಟುಕೊಂಡಿದ್ದಳು. ಇದು ನನಗೆ ಖಚಿತವಾಗಿ ನೆನಪಿದೆ. ಅದು ಕೊಳೆತು ಅಡುಗೆಮನೆಯೆಲ್ಲ ವಾಸನೆ ಬಂದಿತ್ತು.

ಅವರು ನಂಬುತ್ತಿದ್ದ ಸಂಗತಿಗಳ ಬಗ್ಗೆ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಹೆಂಡತಿ ಬಸುರಿಯಾಗಿರುವಾಗ ಗಂಡ ಹೆಣ ಹೊರಬಾರದು, ಹಾವು ಹೊಡೆಯಬಾರದು, ಕಾಯಿ ಒಡೆಯಬಾರದು, ಕುಂಬಳ ಒಡೆಯಬಾರದು ಎಂದು ಅವರು ದಾರಿಯುದ್ದಕ್ಕೂ ಹೇಳುತ್ತಿದ್ದರು. ನಾನು ಹಿಂದಿನಿಂದ ವಾದಿಸುತ್ತಿದ್ದೆ. ಒಡೆಯದವರ ಮನೆಯಲ್ಲೂ ಕೂಸು ಹೋಗಿಲ್ಲವೇ? ಒಡೆದವರ ಮನೆಯಲ್ಲಿ ಹುಟ್ಟಿಲ್ಲವೇ? ಯಾರಾದರೂ ಎಣಿಸಿ ನೋಡಿದ್ದಾರೆಯೇ?

"ಎಣಿಸೋ ವಿಷ್ಯ ಅಲ್ಲ ಮೇಷ್ಟ್ರೆ. ಒಂದು ಒಂಬತ್ತು ತಿಂಗಳು ಕೈ ಕಟ್ಟಿ ಕೂರೋಕೆ ಏನು ಕಷ್ಟ? ಅವಳು ಅಷ್ಟು ಹೊತ್ಕೊಂಡಿದ್ದಾಳೆ. ನೀವು ಏನೂ ಮಾಡದೆ ಇರೋದನ್ನಾದ್ರೂ ಮಾಡಿ."

ಆಗ ಈ ಮಾತಿಗೆ ನಾನು ನಕ್ಕಿದ್ದೆ. ಈಗ ಅನಿಸುತ್ತದೆ, ಬಸುರಿಯ ಗಂಡನ ಪಾಡನ್ನು ಇಷ್ಟು ಸರಿಯಾಗಿ ಹೇಳಿದವರು ಇನ್ನೊಬ್ಬರಿಲ್ಲ. ಮಾತ್ರೆ ತಂದುಕೊಡುವುದು, ಅವಳು ವಾಂತಿ ಮಾಡುವಾಗ ಬೆನ್ನು ನೀವುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುವುದು. ಇಷ್ಟು ಬಿಟ್ಟರೆ ಮಾಡಲು ಏನೂ ಇರಲಿಲ್ಲ. ಏನನ್ನೂ ಮಾಡದಿರುವುದು ನನಗೆ ಬರುತ್ತಿರಲಿಲ್ಲ.

ಆಯುಧಪೂಜೆಗೆ ಅವಳಿಗೆ ಏಳನೇ ತಿಂಗಳು. ಜೀಪನ್ನು ತೊಳೆದು ನಮ್ಮ ಅಂಗಳಕ್ಕೇ ತಂದು ನಿಲ್ಲಿಸಿದ್ದರು, ಅವಳು ಜಗಲಿಯಲ್ಲಿ ಕೂತು ನೋಡಲಿ ಎಂದು. ಚೆಂಡುಹೂವಿನ ಮಾಲೆ, ಚಕ್ರಕ್ಕೊಂದು ನಿಂಬೆಹಣ್ಣು. ಕುಂಕುಮ ತುಂಬಿದ ಬೂದುಗುಂಬಳವನ್ನು ಮೂರು ಸಲ ನಿವಾಳಿಸಿದರು. ಮುಂದಿನದರಲ್ಲಿ ನನ್ನ ನೆನಪಿಗೆ ಎರಡು ರೂಪಗಳಿವೆ. ಒಂದರಲ್ಲಿ ನಾನು ಅವರ ಕೈಯಿಂದ ಕುಂಬಳವನ್ನು ಕಿತ್ತುಕೊಂಡು, ತಮಾಷೆಗೆ, ವಾದ ಗೆಲ್ಲುವುದಕ್ಕೆ, ನೆಲಕ್ಕೆ ಅಪ್ಪಳಿಸುತ್ತೇನೆ. ಇನ್ನೊಂದರಲ್ಲಿ ನಾನು ಕಿತ್ತುಕೊಳ್ಳುವುದೇನೋ ಹೌದು, ಆದರೆ ಎತ್ತಿ ಹಿಡಿದಾಗ ಅವರು ವಾಪಸು ಕಸಿದು ತಾವೇ ಒಡೆಯುತ್ತಾರೆ. ಎರಡರಲ್ಲೂ ನೆಲ ಕೆಂಪಗಿದೆ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳು "ನಿನ್ನೆಯಿಂದ ಒದ್ದೇ ಇಲ್ಲ" ಎಂದಳು. ಜೀಪಿನವರು ಐದು ನಿಮಿಷದಲ್ಲಿ ಬಂದರು. ಮರಳಿನ ಮೂಟೆಗಳು ಹಿಂದೆಯೇ ಇದ್ದವು. ಮೂಡಿಗೆರೆಯಲ್ಲಿ ಸ್ಕ್ಯಾನ್ ಮಾಡಿದವರು ಪರದೆಯನ್ನು ನಮ್ಮಿಂದ ಆಚೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಚಿಕ್ಕಮಗಳೂರಿಗೆ ಹೋಗಿ ಎಂದರು. ನಾನು ಹೊರಗೆ ಬಂದು, "ಎದೆಬಡಿತ ಸಿಗ್ತಾ ಇಲ್ಲವಂತೆ" ಎಂದೆ.

"ಮಿಷನ್‌ದು ಏನು ನಂಬ್ತೀರಿ ಮೇಷ್ಟ್ರೆ," ಎಂದರು ಜೀಪಿನವರು. "ಕರೆಂಟು ಸರಿ ಇರಲಿಕ್ಕಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ನೋಡುವ, ಹತ್ತಿ."

ಎಲ್ಲವನ್ನೂ ನಂಬುವ ಮನುಷ್ಯ ಅವತ್ತು ಯಂತ್ರವನ್ನು ನಂಬಲಿಲ್ಲ. ಯಾವುದನ್ನೂ ನಂಬದ ನಾನು ಚಿಕ್ಕಮಗಳೂರಿನವರೆಗೂ ಅವರ ಮಾತನ್ನು ನಂಬಿಕೊಂಡು ಕೂತೆ.

ಹೆಣ್ಣು ಮಗು. ಹೊಕ್ಕುಳಬಳ್ಳಿ ಗಂಟು ಬಿದ್ದು ಬಿಗಿದಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ನಾನು ಅದನ್ನು ಅವರ ಬಾಯಿಂದ ಮೂರು ಸಲ ಹೇಳಿಸಿಕೊಂಡೆ. ಹೆಂಡತಿ ಎರಡು ದಿನ ಅಲ್ಲೇ ಇರಬೇಕಾಗಿತ್ತು. ಸಂಸೆಯಿಂದ ಅವಳ ಅಮ್ಮ ಬಂದು ಜೊತೆಗೆ ಕೂತರು. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಮೊದಲ ಸಲ ನಾನು ಜೀಪಿನ ಮುಂದಿನ ಸೀಟಿನಲ್ಲಿ ಕೂತೆ.

ಊರಿನ ದಾರಿ ಹಿಡಿದಾಗ ಜೀಪು ಮೊದಲಿಗಿಂತಲೂ ನಿಧಾನ ಹೋಗುತ್ತಿದೆ ಎನಿಸಿತು. ತಿರುಗಿ ನೋಡಿದೆ. ಐದೂ ಮೂಟೆಗಳು ಹಿಂದೆಯೇ ಇದ್ದವು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಇನ್ನು ಯಾಕೆ ಮೂಟೆ? ಇಳಿಸಿ ಬಿಸಾಡಿ ಅದನ್ನ."

"ಇರ್ಲಿ ಮೇಷ್ಟ್ರೆ," ಎಂದರು. ಒಂದು ಗುಂಡಿಯನ್ನು ಸುತ್ತಿ ಬಳಸಿ ದಾಟಿದ ಮೇಲೆ ಹೇಳಿದರು, "ಕೂಸು ಅಲುಗಾಡಬಾರದು."

ಒಂದೊಂದು ಗುಂಡಿಗೂ ಅವರು ಬ್ರೇಕ್ ಒತ್ತಿ, ಒಂದು ಚಕ್ರ ಇಳಿಸಿ, ಆಮೇಲೆ ಇನ್ನೊಂದು ಇಳಿಸಿ ಹೋದರು. ಹಿಂದಿನ ಬಸ್ಸು ಎಷ್ಟು ಕೂಗಿದರೂ ದಾರಿ ಕೊಡಲಿಲ್ಲ. ಅವತ್ತು ಅಡಿಕೆ ಹಾಕಿರಲಿಲ್ಲ. ನಮ್ಮ ತೋಟದ ಮೇಲಿನ ಅಂಚಿನಲ್ಲಿ ಅವರೇ ಅಗೆದರು. ಗುದ್ದಲಿ ನನ್ನ ಕೈಗೆ ಕೊಡಲಿಲ್ಲ.

ಆಮೇಲಿನ ದಿನಗಳಲ್ಲಿ ನನ್ನ ಹೆಂಡತಿ ಮಾತು ಬಿಟ್ಟಳು. ಕಿವಿಗೆ ಬಟ್ಟೆ ಕಟ್ಟಿಕೊಂಡು ಬಾಣಂತಿಯ ಹಾಗೆ ಮಲಗಿರುತ್ತಿದ್ದಳು, ಪಕ್ಕದಲ್ಲಿ ಕೂಸಿಲ್ಲ. ನಾನು ಒಳಗೆ ಹೋದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಕಾಫಿ ಕುಯ್ಯಲು ಬರುತ್ತಿದ್ದ ಹೆಂಗಸು ಯಾರೋ ಅತ್ತೆಯ ಕಿವಿಗೆ ಕುಂಬಳದ ವಿಷಯ ಹಾಕಿದ್ದಳು. ಒಂದು ದಿನ ಜೀಪಿನವರು ಮೂಡಿಗೆರೆಯಿಂದ ಔಷಧಿ ತಂದು ಅಂಗಳದಲ್ಲಿ ಜೀಪು ನಿಲ್ಲಿಸಿದ್ದೇ ಅತ್ತೆ ಜಗಲಿಗೆ ಬಂದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

"ಇವರು ಕುಂಬಳ ಒಡೆದ್ರಂತೆ ಹೌದಾ? ಹೌದಾದ್ರೆ ಹೇಳಿ. ನನ್ನ ಮಗಳನ್ನ ನಾಳೆಯೇ ಸಂಸೆಗೆ ಕರ್ಕೊಂಡು ಹೋಗ್ತೀನಿ. ಮತ್ತೆ ಕಳಿಸೋದಿಲ್ಲ."

ನಾನು ಬಾಯಿ ತೆರೆದೆ. ಗಂಟು ಬಿದ್ದ ಹೊಕ್ಕುಳಬಳ್ಳಿಯ ಬಗ್ಗೆ ಹೇಳಬೇಕೆಂದಿದ್ದೆನೋ, ಹೌದು ನಾನೇ ಎನ್ನಬೇಕೆಂದಿದ್ದೆನೋ, ಈಗ ಹೇಳಲಾರೆ. ಅಷ್ಟರಲ್ಲಿ ಜೀಪಿನವರು ನಕ್ಕುಬಿಟ್ಟರು.

"ಇವ್ರಾ? ಅಮ್ಮಾ, ಇವರಿಗೆ ಗೋಣಿಚೀಲದ ಬಾಯಿ ಕಟ್ಟೋಕೆ ಬರಲ್ಲ, ಕುಂಬಳ ಒಡೀತಾರಾ? ಎತ್ತಿದ್ದು ಹೌದು. ನಾನು ಕಿತ್ಕೊಂಡು ಒಡೆದೆ."

"ಆಣೆ ಇಟ್ಟು ಹೇಳಿ."

ಅವರ ನಗು ನಿಂತಿತು. ಇಳಿದು ಬಂದು ಬಾನೆಟ್ಟಿನ ಮೇಲೆ ಅಂಗೈಯನ್ನು ಒತ್ತಿ ಇಟ್ಟರು. "ನನ್ನ ಅನ್ನ ಇದು. ಇದರ ಮೇಲಾಣೆ. ಈ ಮನೆಯವರು ಯಾರೂ ಏನೂ ತಪ್ಪು ಮಾಡಿಲ್ಲ." ಹೇಳುವಾಗ ಅವರು ಅತ್ತೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಗಿಲಿನಲ್ಲಿ ನನ್ನ ಹೆಂಡತಿ ಬಂದು ನಿಂತಿದ್ದಳು. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು, ಆಸ್ಪತ್ರೆಯಲ್ಲೂ ಅಳದಿದ್ದವಳು, ದೊಡ್ಡ ದನಿಯಲ್ಲಿ ಅತ್ತಳು. ಗಂಡನ ಮೇಲಿನ ಅಪವಾದ ಕಳೆದ ಸಮಾಧಾನ ಎಂದುಕೊಂಡೆ ನಾನು.

ಆ ರೂಪವೇ ಕ್ರಮೇಣ ನನಗೂ ನಿಜವಾಯಿತು. ಒಮ್ಮೆ ಜೀಪಿನವರು ಒಬ್ಬರೇ ಸಿಕ್ಕಾಗ, "ನಿಜ ಹೇಳಿ, ಯಾರು ಒಡೆದದ್ದು?" ಎಂದು ಕೇಳಿದ್ದೆ. "ಎಂತ ಮೇಷ್ಟ್ರೆ, ನಿಮ್ಗೇ ನೆನಪಿಲ್ವಾ? ನನ್ನ ಉಗುರು ನಿಮಗೆ ತಾಗಿ ಗೀರಾಗಿತ್ತಲ್ಲ" ಎಂದರು. ಮನೆಗೆ ಬಂದು ಮುಂಗೈ ನೋಡಿಕೊಂಡೆ. ತೋಟದಲ್ಲಿ ಓಡಾಡುವವನ ಕೈಯಲ್ಲಿ ಗೀರಿಗೇನು ಕಮ್ಮಿ? ಒಂದನ್ನು ಆರಿಸಿಕೊಂಡೆ.

ಆ ವರ್ಷದಿಂದ ಅವರು ಬಸುರಿಯರನ್ನು ಆ ಜೀಪಿನಲ್ಲಿ ಕರೆದೊಯ್ಯುವುದನ್ನು ನಿಲ್ಲಿಸಿಬಿಟ್ಟರು. ಕಣ್ಣು ಸರಿಯಿಲ್ಲ ಎನ್ನುತ್ತಿದ್ದರು. ಮೆಣಸಿನ ಮೂಟೆ ಹೇರಿಕೊಂಡು, ಕೆಲಸದವರನ್ನು ತುಂಬಿಕೊಂಡು ಮಂಜಿನಲ್ಲೂ ಕಳಸದವರೆಗೆ ಹೋಗಿ ಬರುತ್ತಿದ್ದವರ ಕಣ್ಣು ಬಸುರಿಯರಿಗೆ ಮಾತ್ರ ಹೇಗೆ ಕೆಟ್ಟಿತು ಎಂದು ಊರವರು ಬೈದರು. ಬಾಡಿಗೆ ಜೀಪು ಗೊತ್ತುಮಾಡಿ ಕೊಡುತ್ತಿದ್ದರು, ಅದಕ್ಕೆ ಮೂಟೆ ಹೇರಿ ಕಳಿಸುತ್ತಿದ್ದರು, ತಾವು ಮಾತ್ರ ಹೋಗುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ, ಹೂಮಳೆ ಬಿದ್ದು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಿದ್ದ ವಾರ, ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ. ತಿಥಿಯ ಹಿಂದಿನ ದಿನ ಅವರ ಮಗಳು ಬೇಲಿಯ ಹತ್ತಿರ ಬಂದಳು.

"ಅಪ್ಪ ಜೀಪಿನ ಜೊತೆ ಇರೋ ಫೋಟೋ ನಿಮ್ಮ ಹತ್ರ ಇದ್ಯಾ ಅಣ್ಣ? ಇರೋ ಫೋಟೋದಲ್ಲೆಲ್ಲ ಸಿಟ್ಟು ಮುಖ." ಆಮೇಲೆ ಹೇಳಿದಳು, "ಜೀಪು ಮಾರ್ಬೇಕು. ಆದ್ರೆ ಅಮ್ಮ ಬೇಡ ಅಂತಾಳೆ. ಅದಕ್ಕೆ ಸುಳ್ಳಾಣೆ ತಾಗಿದೆ, ಹೊಟ್ಟೆಯಲ್ಲಿ ಜೀವ ಇರೋರನ್ನ ಹತ್ತಿಸ್ಬಾರ್ದು ಅಂತ ಅಪ್ಪ ಹೇಳಿದ್ರಂತೆ. ಯಾವ ಆಣೆ ಅಂತ ಕೇಳಿದ್ರೆ ಬಾಯಿ ಬಿಡ್ಲಿಲ್ಲವಂತೆ."

ಫೋಟೋ ಹುಡುಕುತ್ತೇನೆ ಎಂದು ಒಳಗೆ ಬಂದೆ. ಹೆಂಡತಿ ಫೋನು ಬದಲಿಸಿದಾಗ ಹಳೆಯದರಲ್ಲಿದ್ದದ್ದನ್ನೆಲ್ಲ ನಾನೇ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದೆ. ಆ ವರ್ಷದ ಫೋಲ್ಡರನ್ನು ಮಾತ್ರ ಒಮ್ಮೆಯೂ ತೆರೆದಿರಲಿಲ್ಲ. ಎಲ್ಲದಕ್ಕೂ ಸಾಕ್ಷಿ ಕೇಳುವವನು ಸಾಕ್ಷಿಯನ್ನು ಮನೆಯಲ್ಲೇ ಇಟ್ಟುಕೊಂಡು ಹನ್ನೊಂದು ವರ್ಷ ಕಳೆದಿದ್ದೆ. ಅವಳು ತೋಟಕ್ಕೆ ಹೋಗಿದ್ದಳು. ತೆರೆದೆ. ಆಯುಧಪೂಜೆಯ ದಿನ ಅವಳು ಜಗಲಿಯಿಂದ ತೆಗೆದ ಸಣ್ಣದೊಂದು ವಿಡಿಯೋ ಇತ್ತು. ಮೂರು ಸಲ ನೋಡಿ ಖಚಿತಪಡಿಸಿಕೊಂಡೆ.

ಕುಂಬಳ ನನ್ನ ಕೈಯಲ್ಲಿದೆ. "ಬೇಡ ಮೇಷ್ಟ್ರೆ, ಕೊಡಿ ಇಲ್ಲಿ" ಎಂದು ಜೀಪಿನವರು ಕೈ ಚಾಚುತ್ತಾರೆ. ನಾನು ಒಂದು ಕ್ಷಣ ಹಿಂಜರಿದು ನಿಲ್ಲುತ್ತೇನೆ. ಆಗ ಫೋನಿಗೆ ತೀರ ಹತ್ತಿರದಿಂದ ನನ್ನ ಹೆಂಡತಿಯ ದನಿ, ನಗುತ್ತಾ: "ಒಡೀರಿ ನೀವು, ಏನೂ ಆಗಲ್ಲ." ನಾನು ಒಡೆಯುತ್ತೇನೆ. ಜೀಪಿನವರು ತಲೆಯೆತ್ತಿ, ನನ್ನನ್ನಲ್ಲ, ಅವಳನ್ನು ನೋಡುತ್ತಾರೆ.